ಗೊತ್ತಿಲ್ಲ ಅನ್ನುವ ಯಂತ್ರ, ಅನ್ನಲಾರದ ಜನ

ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಇರುವುದು ಇದೊಂದೇ ನಿಯಮ. ಬಾಗಿಲಿಗೆ ಅಂಟಿಸಿದವನು ನಾನೇ. ಈ ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಕನ್ನಡದಲ್ಲಿ ಉತ್ತರ ಕೊಡುವ ಯಂತ್ರವೊಂದಕ್ಕೆ ಬುರುಡೆ ಬಿಡದಂತೆ ಕಲಿಸುವುದು ನನ್ನ ಪಿಎಚ್.ಡಿ. ವಿದ್ಯಾರ್ಥಿನಿಯ ಕೆಲಸ. ಧಾರವಾಡದ ಹುಡುಗಿ, ಫೆಲೋಶಿಪ್ ಮೇಲೆ ಓದುತ್ತಿದ್ದಾಳೆ. ಯಂತ್ರ ಬೇಗ ಕಲಿತುಬಿಟ್ಟಿತು. ಮನುಷ್ಯರದ್ದೇ ದಿನಕ್ಕೊಂದು ಪ್ರಸಂಗ!

೧. ಬುದ್ಧಿಯ ಪೆಟ್ಟಿಗೆ

ನಮ್ಮ ನಿರ್ದೇಶಕರು ಮರಾಠಿಯವರು. ಕನ್ನಡದ ಒಂದಕ್ಷರ ಬಾರದು. ಯಂತ್ರದ ಬಗ್ಗೆ ಅಷ್ಟೂ ಗೊತ್ತಿಲ್ಲ. ಒಮ್ಮೆ ಅತಿಥಿಗಳನ್ನು ಕರೆತಂದರು. ‘ಇದರ ಬುದ್ಧಿ ಎಲ್ಲಿರುತ್ತದೆ?’ ಎಂದು ಒಬ್ಬರು ಕೇಳಿದರು. ನಿರ್ದೇಶಕರು ಕ್ಷಣವೂ ತಡವರಿಸದೆ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ತೋರಿಸಿ, ‘ಎಲ್ಲಾ ಅದರೊಳಗೇ!’ ಅಂದರು. ಅತಿಥಿಗಳು ಅದನ್ನು ಭಕ್ತಿಯಿಂದ ಮುಟ್ಟಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಅವರು ಹೋದ ಮೇಲೆ ಹುಡುಗಿ ನನ್ನತ್ತ ತಿರುಗಿದಳು. ‘ಸರ್, ಇನ್ವರ್ಟರಿಗೇ ಇಷ್ಟು ಬುದ್ಧಿ ಇದ್ರ ನಾವ್ಯಾಕ್ರೀ ಬೇಕು?’

೨. ಬೆಳ್ಳಿ ಉಪ್ಪಿಟ್ಟು

ಯಂತ್ರವನ್ನು ಪರೀಕ್ಷಿಸಲು ಲೋಕದಲ್ಲೇ ಇಲ್ಲದ ಸಂಗತಿಗಳ ಬಗ್ಗೆ ಕೇಳುವುದು ನಮ್ಮ ಪದ್ಧತಿ. ‘ಬೆಳ್ಳಿ ಉಪ್ಪಿಟ್ಟು ಮಾಡುವುದು ಹೇಗೆ?’ ಅಂದೆವು. ‘ನನಗೆ ಗೊತ್ತಿಲ್ಲ’ ಅಂದಿತು. ಆಹಾ! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಅದೇ ಖುಷಿಯಲ್ಲಿ ಧನಕವಡಿ ಬಡಾವಣೆಯ ಹೋಟೆಲಿಗೆ ತಿಂಡಿಗೆ ಹೋದೆವು. ಮಾಲೀಕರು ಕುಂದಾಪುರದವರು. ಹುಡುಗಿ ಬೇಕೆಂದೇ ಕೇಳಿದಳು: ‘ಬೆಳ್ಳಿ ಉಪ್ಪಿಟ್ಟು ಅದ ಏನ್ರೀ?’

‘ಈಗಷ್ಟೇ ಖಾಲಿ ಆಯ್ತು ಮಾರಾಯ್ರೆ. ನಾಳೆ ಸ್ವಲ್ಪ ಬೇಗ ಬನ್ನಿ.’

ಪಕ್ಕದ ಮೇಜಿನವರು ತಲೆಯೆತ್ತಿ, ‘ಇಲ್ಲೇನು ಚಲೋ ಇರಂಗಿಲ್ರೀ. ತಿಂದ್ರ ರಾಂಜಣಗಾಂವದಾಗ ತಿನಬೇಕು’ ಅಂದರು.

೩. ಸಹಿಯ ದಿನ

ಫೆಲೋಶಿಪ್ ಮುಂದುವರಿಯಲು ಹೊರಗಿನ ಪರೀಕ್ಷಕರ ಸಹಿ ಬೇಕು. ಸಹಿ ಬೀಳದಿದ್ದರೆ ಹುಡುಗಿ ಅರ್ಧಕ್ಕೇ ಬಿಟ್ಟು ಊರಿಗೆ ಹೋಗಬೇಕು. ಪರೀಕ್ಷಕರು ಬೆಳಗಾವಿ ಕಡೆಯ ಹಿರಿಯ ಪ್ರಾಧ್ಯಾಪಕರು. ಬಂದವರೇ ಯಂತ್ರಕ್ಕೆ ತಮ್ಮ ಹೆಸರನ್ನೇ ಕೊಟ್ಟು, ‘ಇವರ ಸಂಶೋಧನೆ ಏನು?’ ಎಂದು ಕೇಳಿದರು.

‘ನನಗೆ ಗೊತ್ತಿಲ್ಲ.’

ಅವರ ಮುಖ ಕಪ್ಪಿಟ್ಟಿತು. ‘ನಾನೇ ಹೇಳ್ತೀನಿ’ ಎಂದು ಎದ್ದು, ಬೋರ್ಡು ತುಂಬುವವರೆಗೆ ಅಚ್ಚ ಕನ್ನಡದಲ್ಲಿ ವಿವರಿಸಿದರು. ಆಮೇಲೆ ಸಹಿಗೆಂದು ಪೆನ್ನು ತೆರೆದು, ‘ತಿಳೀತ?’ ಅಂದರು.

‘ಸಮಜಲಂ ಸರ್, ಸಗಳಂ ಸಮಜಲಂ!’ ಎಲ್ಲಾ ತಿಳಿಯಿತು ಎಂದು ಮರಾಠಿಯಲ್ಲೇ ಹೇಳಿದರು ಕನ್ನಡ ಬಾರದ ನಿರ್ದೇಶಕರು.

‘ನಿನಗ ತಿಳೀತೇನವಾ?’ ಪರೀಕ್ಷಕರು ಹುಡುಗಿಯತ್ತ ತಿರುಗಿದರು.

ನಿರ್ದೇಶಕರು ಮೇಜಿನ ಕೆಳಗೆ ಅವಳ ಕಾಲು ತುಳಿದು, ‘ಹೋ ಮ್ಹಣ, ಹೋ ಮ್ಹಣ’, ಹೂಂ ಅನ್ನು ಎಂದು ಪಿಸುಗುಟ್ಟಿದರು. ತಲೆಯಾಡಿಸಿದರೆ ಸಾಕು, ಸಹಿ ಬೀಳುತ್ತದೆ.

‘ಇಲ್ರಿ ಸರ್. ಏನೂ ತಿಳೀಲಿಲ್ರಿ.’

ಯಾರೂ ಅವರಿಗೆ ಹಾಗೆ ಹೇಳಿ ಎಷ್ಟು ಕಾಲವಾಗಿತ್ತೋ, ಹಿರಿಯರ ಮುಖ ಅರಳಿತು. ‘ಎಲ್ಲಿಂದ ಹೇಳ್ಲೆವಾ?’

‘ಮೊದಲಿಂದ್ರಿ’ ಎಂದವಳೇ ಎದ್ದು ಬೋರ್ಡನ್ನು ಪೂರ್ತಿ ಒರೆಸಿ, ಅವರ ಕೈಯಿಂದ ಸಹಿಯ ಪೆನ್ನು ತೆಗೆದುಕೊಂಡು, ಮಾರ್ಕರ್ ಕೊಟ್ಟಳು.