ಸಾಹುಕಾರರ ಮೋಟಾರಿಗೆ ನಾನು ಮಾಡಿದ ಸುಧಾರಣೆಗಳು

ಬೆಳಿಗ್ಗೆ ನನ್ನ ತಲೆಗೆ ಹೊಸ ಯೋಚನೆಯೊಂದು ಹೊಕ್ಕಿತೆಂದರೆ, ಸಂಜೆಯೊಳಗೆ ಆ ತಲೆ ತಗ್ಗಿಸಲೇಬೇಕಾಗುತ್ತಿತ್ತು. ಹಿರಿಯೂರಿನ ಕೊಬ್ಬರಿ ಸಾಹುಕಾರರೊಬ್ಬರ ಮೋಟಾರಿಗೆ ನಾನು ಡ್ರೈವರು. ಅದಕ್ಕೂ ಮೊದಲು ಗಾಡಿ ಮಾಡುವ ಬಡಗಿ. ಹಾಗಾಗಿ ವಿಲಾಯಿತಿಯವರು ಮಾಡಿ ಕಳಿಸಿದ ಮೋಟಾರಿನಲ್ಲೂ ನನಗೆ ಏನಾದರೊಂದು ಕೊರತೆ ಕಾಣುತ್ತಿತ್ತು. ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

೧. ಕನ್ನಡಿ

ಹಿಂದೆ ಏನು ಬರುತ್ತಿದೆ ಎಂದು ತಿರುಗಿ ನೋಡಲು ಹೋಗಿ ಒಮ್ಮೆ ಯಲ್ಲದಕೆರೆ ದಾರಿಯಲ್ಲಿ ಬೇಲಿಗೆ ನುಗ್ಗಿದ್ದೆ. ಮರುದಿನವೇ ಹೆಂಡತಿಯ ಕನ್ನಡಿ ತಂದು ಕಣ್ಣೆದುರಿಗೆ ಕಟ್ಟಿದೆ. ಕತ್ತು ತಿರುಗಿಸದೆ ಹಿಂದಿನ ದಾರಿಯೆಲ್ಲ ಕಾಣಬೇಕು, ಅದು ನನ್ನ ಉಪಾಯ.

ಅವತ್ತು ಹಿಂದೆ ಕೂತವರು ಸಾಹುಕಾರರ ಹೆಂಡತಿ, ಧರ್ಮಪುರದ ತವರಿಗೆ ಹೊರಟಿದ್ದರು. ನಾನು ಗಳಿಗೆಗೊಮ್ಮೆ ಶ್ರದ್ಧೆಯಿಂದ ಕನ್ನಡಿ ನೋಡಿದೆ. ಕನ್ನಡಿ ತುಂಬ ಅವರೇ. ಅವರು ಸೆರಗು ಹೊದ್ದರು. ದಾರಿ ಕಾಣಲೆಂದು ಕನ್ನಡಿ ವಾಲಿಸಿ ಮತ್ತೆ ನೋಡಿದೆ. ಸೆರಗು ಮುಖಕ್ಕೂ ಬಂತು.

"ಏನಪ್ಪ, ಧರ್ಮಪುರ ಮುಂದೈತೋ ಹಿಂದೈತೋ?"

"ಮುಂದೈತ್ರಿ ಅಮ್ಮ. ಹಿಂದೆ ಯಾರು ಬರ್ತಾರೆ ಅಂತ ನೋಡ್ತಿದ್ದೆ."

"ನಾಳೆ ನಮ್ಮ ಯಜಮಾನ್ರು ಬಾರುಕೋಲು ಹಿಡ್ಕಂಡು ಬರ್ತಾರೆ. ಆವಾಗ ನೋಡ್ಕಳೀವಂತೆ."

೨. ಹಾಯಿ

ಪೆಟ್ರೋಲು ಡಬ್ಬಿಗಳಲ್ಲಿ ಎಲ್ಲಿಂದಲೋ ಬರಬೇಕು. ಹೊಸದುರ್ಗದ ದಾರಿಯಲ್ಲಿ ಗಾಳಿಯೋ ಪುಕ್ಕಟೆ. ಮೋಟಾರಿಗೆ ಎರಡು ಬಿದಿರು ನಿಲ್ಲಿಸಿ, ಹಡಗಿನ ಹಾಯಿಯಂತೆ ಸಾಹುಕಾರರ ಮನೆಯ ಜಮಖಾನ ಕಟ್ಟಿದೆ.

ಊರು ದಾಟುತ್ತಲೇ ಗಾಳಿ ಎದುರಾಯಿತು. ಎಂಜಿನ್ನು ಮುಂದಕ್ಕೆ, ಜಮಖಾನ ಹಿಂದಕ್ಕೆ. ಏರಿನಲ್ಲಿ ಮೋಟಾರು ನಿಂತಿತು, ಆಮೇಲೆ ಮೆಲ್ಲಗೆ ಹಿಂದೆ ಜಾರತೊಡಗಿತು. ಸಾಹುಕಾರರೇ ಇಳಿದು, ಪಂಚೆ ಎತ್ತಿಕಟ್ಟಿ, ಚಕ್ರಕ್ಕೆ ಕಲ್ಲು ಕೊಟ್ಟರು. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ನಮ್ಮನ್ನು ನೋಡಿ ಮರುಕದಿಂದ ಕೇಳಿದ:

"ಯಜಮಾನ್ರೇ, ಗಾಳಿ ಹಿರಿಯೂರ ಕಡೀಗೈತೆ. ನಿಮ್ಗೆ ಅಲ್ಲೇನಾರ ಕೆಲ್ಸ ಇಲ್ವಾ?"

೩. ಪಟ್ಟಿ

ಒಮ್ಮೆ ಚಕ್ರ ಗುಂಡಿಗಿಳಿದಾಗ ಸಾಹುಕಾರರು ಎಗರಿ ರಸ್ತೆಗೆ ಬಿದ್ದಿದ್ದರು. ಹಣೆಯ ಗಾಯ ನೋಡಿ ನನಗೆ ನಿಜಕ್ಕೂ ಸಂಕಟವಾಗಿತ್ತು. ಕುದುರೆ ಜೀನಿನ ಚರ್ಮದ ಪಟ್ಟಿ ತಂದು ಸೀಟಿಗೆ ಬಡಿದೆ. ಹೊಟ್ಟೆಗೆ ಬಿಗಿದರಾಯಿತು, ಬೀಳುವ ಮಾತೇ ಇಲ್ಲ. ಚಿತ್ರದುರ್ಗದಿಂದ ಹೊಳಲ್ಕೆರೆವರೆಗೆ ಅವರು ಒಂದಂಗುಲ ಅಲುಗಲಿಲ್ಲ. "ಭೇಷ್ ಕಣಲೇ" ಎಂದರು. ನಾನು ಉಬ್ಬಿಹೋದೆ.

ತಾಲ್ಲೂಕು ಕಚೇರಿ ಮುಂದೆ ಮೋಟಾರು ನಿಲ್ಲಿಸುವುದಕ್ಕೂ ಅಮಲ್ದಾರರು ಹೊರಗೆ ಬರುವುದಕ್ಕೂ ಸರಿಹೋಯಿತು. ಕಚೇರಿ ಜಗಲಿಯಲ್ಲಿ ಕೂತವರೆಲ್ಲರೂ ಎದ್ದು ಕೈಮುಗಿದರು. ಸಾಹುಕಾರರೂ ಅರ್ಧ ಎದ್ದರು. ಪಟ್ಟಿ ಎಳೆದು ಕೂರಿಸಿತು. ಮತ್ತೆ ಎದ್ದರು, ಮತ್ತೆ ಕೂತರು.

"ಬಿಚ್ಚಲೇ!" ಎಂದರು ಹಲ್ಲು ಕಡಿದು.

"ಕೊಕ್ಕೆ ಕಚ್ಕಂಡೈತ್ರಿ ಬುದ್ಧಿ."

ಪೇದೆಯೊಬ್ಬ ಹತ್ತಿರ ಬಂದು ನನ್ನ ಕಿವಿಯಲ್ಲಿ ಕೇಳಿದ: "ಪಾಪ, ಹುಚ್ಚು ಯಾವಾಗಿಂದ?"

ನಾಚಿಕೆಯಲ್ಲಿ ನನಗೆ ಕಣ್ಣೇ ಕಾಣಲಿಲ್ಲ. ಎಳನೀರು ಮಾರುವವನ ಮಚ್ಚು ಮಾತ್ರ ಕಂಡಿತು. ಪಟ್ಟಿ ಕತ್ತರಿಸಲೆಂದು ಅದನ್ನು ಕಸಿದುಕೊಂಡು ಸಾಹುಕಾರರ ಹೊಟ್ಟೆಯ ಕಡೆಗೆ ಓಡಿದೆ. "ಕೊಂದ! ಕೊಂದ!" ಎಂದು ಜನ ಚದುರಿದರು. ಇಬ್ಬರು ಪೇದೆಗಳು ನನ್ನನ್ನು ಕೆಡವಿ ಮೇಲೆ ಕೂತರು.

"ಸ್ವಾಮಿ, ನಾನು ಅವರ ಡ್ರೈವರು! ಅವರ ಜೀವ ಉಳೀಲಿ ಅಂತ ಪಟ್ಟಿ ಕಟ್ದೋನೇ ನಾನು! ಬೇಕಾದ್ರೆ ಅವರನ್ನೇ ಕೇಳ್ರಿ!"

ಅಮಲ್ದಾರರು ಕೇಳಿಯೇಬಿಟ್ಟರು: "ಏನ್ರೀ, ಇವನು ನಿಮ್ಮ ಕಡೆಯವನೇ?"

ಸಾಹುಕಾರರು ನನ್ನನ್ನು ನೋಡಿದರು. ಸುತ್ತ ನಿಂತ ಜನರನ್ನು ನೋಡಿದರು. ಕೂತಲ್ಲೇ ಪೇಟ ಸರಿಮಾಡಿಕೊಂಡರು.

"ಈ ಮನುಷ್ಯನ್ನ ನಾನು ಇವತ್ತೇ ನೋಡ್ತಿರೋದು ಸ್ವಾಮಿ."