ಏಳನೇ ನಂಬರಿನ ಗೂಡು

ತೊಂದರೆ ಶುರುವಾದದ್ದು ಒಂದು ಮಚ್ಚೆಯಿಂದ. ಮೇಲ್ವಿಚಾರಕಿ ಎಂದಾಂಗ್‌ಳ ಮುಂಗೈ ಮೇಲೆ ಹುಟ್ಟಿದಾಗಿನಿಂದ ಯಾರ ತಂಟೆಗೂ ಹೋಗದೆ ಕೂತಿದ್ದ ಮಚ್ಚೆ ಅದು. ಆ ಬೆಳಿಗ್ಗೆ ಅವಳು ಮೇಜಿನ ಮೇಲೆ ಕೈಯೂರಿ ಏನೋ ಹೇಳುತ್ತಿದ್ದಾಗ, ಎದುರು ಕೂತು ಗೂಡು ಶುಚಿ ಮಾಡುತ್ತಿದ್ದ ಪೊನಿಯೆಮ್ ಅದನ್ನು ಹಕ್ಕಿಯ ಗರಿ ಎಂದುಕೊಂಡು ಚಿಮಟದಲ್ಲಿ ಕಚ್ಚಿ ಎಳೆದಳು.

ಎಂದಾಂಗ್ ಕೂಗಿದ ಕೂಗಿಗೆ ಪಕ್ಕದ ಹಕ್ಕಿಮನೆಯ ಕಾವಲುಗಾರ ದೊಣ್ಣೆ ಹಿಡಿದು ಓಡಿಬಂದ.

"ಏನೇ, ಕಣ್ಣು ಹೋಗಿದೆಯಾ ನಿಂಗೆ?"

"ತಮಾಷೆಗೆ ಮಾಡ್ದೆ ಅಕ್ಕ," ಎಂದಳು ಪೊನಿಯೆಮ್.

"ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ, ಒಂದು ದಿನ ನಕ್ಕೋಳಲ್ಲ. ಇವತ್ತು ಹುಟ್ಕೊಂತಾ ತಮಾಷೆ?"

ಅಂದು ಕಣ್ಣಿನ ಮಾತು ಎದ್ದದ್ದೇ ಅಪಶಕುನ. ಆ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ಕೂತು, ವಾಲೆಟ್ ಹಕ್ಕಿ ಪಕ್ಕದ ಹಕ್ಕಿಮನೆಯ ತೊಲೆಗಳಿಗೆ ತನ್ನ ಉಗುಳಿನಿಂದ ಕಟ್ಟಿದ ಗೂಡನ್ನು ನೀರಲ್ಲಿ ನೆನೆಹಾಕಿ, ಅದರೊಳಗಿನ ಒಂದೊಂದು ಗರಿಯನ್ನೂ ಚಿಮಟದಿಂದ ಹೆಕ್ಕುತ್ತಿದ್ದರು. ಹಾಗೆ ಶುಚಿಯಾದ ಗೂಡನ್ನು ದುಡ್ಡಿದ್ದವರು ಆಯುಸ್ಸಿಗೆಂದು ಕುದಿಸಿ ಕುಡಿಯುತ್ತಾರೆ. ಹೆಕ್ಕುವವರ ಆಯುಸ್ಸಿನ ವಿಷಯ ಯಾರೂ ಎತ್ತುವುದಿಲ್ಲ. ಈಗ ಯಜಮಾನ ಶೆಡ್ಡನ್ನು ಸುರಬಾಯಾದ ಪುಡಿ ಕಾರ್ಖಾನೆಗೆ ಮಾರಿದ್ದ. ಗೂಡನ್ನು ಅರೆದು ಪುಡಿ ಮಾಡಿ ಟಾನಿಕ್ಕಿಗೆ ಬೆರೆಸುವ ಕಾರ್ಖಾನೆ ಅದು. ಅಲ್ಲಿಂದ ಹೆಂಡ್ರೋ ಎಂಬಾತ ಅಂದೇ ಬಂದು, ಪರೀಕ್ಷೆ ಮಾಡಿ, ಹನ್ನೊಂದು ಜನರಲ್ಲಿ ಒಬ್ಬಳನ್ನು ಮಾತ್ರ ಉಳಿಸಿಕೊಳ್ಳುವವನಿದ್ದ.

ಪೊನಿಯೆಮ್‌ಗೆ ಆ ಒಂದು ಜಾಗ ಬೇಕೇ ಬೇಕಿತ್ತು. ಅವಳ ಗಂಡ ಸಾರ್ಮಿನ್ ನಾಲ್ಕು ವರ್ಷದ ಹಿಂದೆ ಹಕ್ಕಿಮನೆಯ ತೊಲೆಯ ಮೇಲೆ ನಿಂತು ಗೂಡು ಕೀಳುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಅವನ ಗಂಜಿ, ಮಾತ್ರೆ, ಬಟ್ಟೆ, ಎಲ್ಲ ಅವಳ ಚಿಮಟದ ತುದಿಯಲ್ಲಿತ್ತು. ಆ ಚಿಮಟದ ತುದಿಯೇ ಅವಳಿಗೆ ಆರು ತಿಂಗಳಿಂದ ಕಾಣುತ್ತಿರಲಿಲ್ಲ.

ಹೆಂಡ್ರೋ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ಹೆಕ್ಕುವವರಲ್ಲೊಬ್ಬಳಾದ ರುಕಾಯಾ ಹತ್ತಿರ ಸರಿದು ಕೂತಳು. ಅವಳ ಬಾಯಿಗಿದ್ದ ಚುರುಕು ಕೈಗಿರಲಿಲ್ಲ. ಎಲ್ಲರೂ ಮೂರು ಗೂಡು ಮುಗಿಸುವಷ್ಟರಲ್ಲಿ ಅವಳು ಒಂದು ಗೂಡು, ಊರಿನ ಮೂರು ಮದುವೆಯ ಸುದ್ದಿ ಮುಗಿಸುತ್ತಿದ್ದಳು.

"ವೀಳ್ಯದೆಲೆ ಕುದಿಸಿದ ನೀರು ಬಿಟ್ಕೋ ಕಣೇ ಕಣ್ಣಿಗೆ. ನಮ್ಮತ್ತೆ ಎಂಬತ್ತು ವರ್ಷಕ್ಕೆ ಸೂಜಿಗೆ ದಾರ ಹಾಕ್ತಿದ್ಲು."

"ಆರಿಸಿ ಹಾಕ್ಕೋಬೇಕು ತಾನೇ?"

"ಬಿಸಿ ಇದ್ರೇನೇ ಗುಣ!"

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಪೊನಿಯೆಮ್ ಶೆಡ್ಡಿನ ಅಡುಗೆಮನೆಗೆ ಹೋಗಿ ಎಲೆ ಕುದಿಸಿ ಕಣ್ಣಿಗೆ ಬಿಟ್ಟುಕೊಂಡಳು. ಅಷ್ಟು ಹೊತ್ತು ಮಂಜಾಗಿ ಕಾಣುತ್ತಿದ್ದ ಲೋಕ ಆಮೇಲೆ ಕೆಂಪಾಗಿ, ಉರಿಯುತ್ತಾ, ಮಂಜಾಗಿ ಕಂಡಿತು.

"ಏನೇ ಇದು, ಕಣ್ಣು ಮೆಣಸಿನಕಾಯಿ ಆಗಿದೆ!" ಎಂದಳು ಪಕ್ಕದ ಮಣೆಯ ತುಮಿನಿ. ತುಮಿನಿಯದು ಆ ಶೆಡ್ಡಿಗೇ ಶುಚಿಯಾದ ಕೈ. ಪೊನಿಯೆಮ್ ತಡವಾಗಿ ಮನೆಗೆ ಹೋಗುವ ದಿನ ಸಾರ್ಮಿನ್‌ಗೆ ತುತ್ತು ಕಲೆಸಿ ತಿನ್ನಿಸುತ್ತಿದ್ದವಳೂ ಅವಳೇ. "ಅಳ್ಬೇಡ್ವೇ. ಯಾರಿಗೆ ಸಿಕ್ಕಿದ್ರೂ ಇಬ್ರೂ ಹಂಚ್ಕೊಂಡು ತಿನ್ನೋಣ."

ಹೆಂಡ್ರೋ ಬಂದ. ಕೈಯಲ್ಲಿ ಒಂದು ಪುಟ್ಟ ತಕ್ಕಡಿ, ಮುಖದಲ್ಲಿ ನಗುವಿಲ್ಲ. ಎಂಟೆಂಟು ಗ್ರಾಮಿನ ಒಂದೊಂದು ಗೂಡನ್ನು ತೂಗಿ ಎಲ್ಲರಿಗೂ ಕೊಟ್ಟ. "ನೆನೆಸಿ ಇಟ್ಟಾದ ಮೇಲೆ ಒಂದು ಗಂಟೆ ಟೈಮು. ಯಾವಾಗಲೂ ಮಾಡೋ ಹಾಗೇ ಮಾಡಿ," ಎಂದಷ್ಟೇ ಹೇಳಿದ.

ಪೊನಿಯೆಮ್ ಬೆರಳಲ್ಲೇ ತಡವಿದಳು. ಗರಿಯ ಬುಡ ಸಿಕ್ಕರೆ ಎಳೆಯುವುದು, ಸಿಗದಿದ್ದರೆ ಎಳೆದ ಹಾಗೆ ನಟಿಸುವುದು. ಪಕ್ಕದಲ್ಲಿ ತುಮಿನಿಯ ಚಿಮಟ ಕೋಳಿ ಕಾಳು ಹೆಕ್ಕಿದ ಹಾಗೆ ಟಕಟಕ ಎನ್ನುತ್ತಿತ್ತು. ಗಂಟೆ ಮುಗಿಯುವ ಹೊತ್ತಿಗೆ ತುಮಿನಿಯ ಗೂಡು ಬಿಳಿ ಶಾವಿಗೆಯಂತಿತ್ತು. ತನ್ನದು ಹೇಗಿದೆಯೆಂದು ಪೊನಿಯೆಮ್‌ಗೆ ಕಾಣದಿದ್ದರೂ, ಮೇಜು ದಾಟುವಾಗ ಎಂದಾಂಗ್ "ಥೂ" ಎಂದದ್ದು ಚೆನ್ನಾಗಿ ಕೇಳಿಸಿತು.

ಗೂಡುಗಳನ್ನು ಅಚ್ಚಿಗೆ ಒತ್ತಿ, ತಟ್ಟೆಗಿಟ್ಟು, ಒಂದೊಂದು ತಟ್ಟೆಗೂ ನಂಬರಿನ ತಗಡು ಬಿಲ್ಲೆ ಸಿಕ್ಕಿಸಿ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಒಣಗಲು ಇಟ್ಟರು. ತುಮಿನಿಯದು ಏಳು, ಪೊನಿಯೆಮ್‌ಳದು ಎಂಟು, ಕೊನೆಯ ಸಾಲಿನ ಮೊದಲೆರಡು, ಅಕ್ಕಪಕ್ಕ.

ಮಧ್ಯಾಹ್ನದ ನಮಾಜಿಗೆ ಎಲ್ಲರೂ ಎದ್ದರು. ಮಂಡಿ ನೋವು, ಆಮೇಲೆ ಮಾಡುತ್ತೇನೆ ಎಂದು ಪೊನಿಯೆಮ್ ಕೂತಲ್ಲೇ ಉಳಿದಳು. ಗೋಡೆಯಾಚೆ ಕೈಕಾಲು ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ದೇವರು ನೋಡುತ್ತಾನೆ ಎಂಬ ಭಯ ಅವಳಿಗಿತ್ತು. ಆದರೆ ಸಾರ್ಮಿನ್ ದಿನಾ ಗಂಜಿಗೆ ಬಾಯಿ ತೆರೆದು ಕಾಯುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಭಯ. ಎದ್ದು ಹೋಗಿ ಪೆಟ್ಟಿಗೆ ತೆರೆದು, ಕೊನೆಯ ಸಾಲನ್ನು ತಡವಿ, ಮೊದಲೆರಡು ತಟ್ಟೆಗಳ ಬಿಲ್ಲೆಗಳನ್ನು ಅದಲುಬದಲು ಮಾಡಿದಳು. ಬೆರಳು ಸುಟ್ಟಿತು. ತಕ್ಕ ಶಿಕ್ಷೆಯಾಯಿತು, ಲೆಕ್ಕ ಚುಕ್ತಾ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆಲ್ಲ ಚುಕ್ತಾ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ಹೆಂಡ್ರೋ ತಟ್ಟೆಗಳನ್ನು ಹೊರತೆಗೆಸಿದ. ಎಂದಾಂಗ್ ಭೂತಗನ್ನಡಿ ತಂದು ಮುಂದಿಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಒಂದೊಂದೇ ಗೂಡನ್ನು ತಕ್ಕಡಿಗೆ ಹಾಕಿ ಬರೆದುಕೊಂಡ.

"ಸಾರ್, ಗರಿ ನೋಡಲ್ವಾ?" ಎಂದಳು ಎಂದಾಂಗ್.

"ಗರಿ ಕಟ್ಕೊಂಡು ನಂಗೇನು? ನಮ್ಮಲ್ಲಿ ಎಲ್ಲಾ ಕರಗಿಸಿ ಜರಡಿ ಹಿಡೀತೀವಿ, ಗರಿ ಮೇಲೇ ಉಳಿಯುತ್ತೆ. ನಿಮ್ಮ ಹೆಂಗಸ್ರು ಒಂದು ಗರಿ ಕೀಳೋಕೆ ನಾಲ್ಕು ಎಳೆ ಕಿತ್ತು ನೀರಿಗೆ ಬಿಡ್ತಾರೆ. ಯಾರ ಕೈಲಿ ಗೂಡು ಕಮ್ಮಿ ಹಾಳಾಗುತ್ತೆ ಅಂತ ನೋಡ್ಬೇಕಿತ್ತು, ನೋಡ್ದೆ. ಏಳನೇ ನಂಬರು, ಏಳೂಮುಕ್ಕಾಲು ಗ್ರಾಂ. ಎಲ್ಲಕ್ಕಿಂತ ಕಡೆ ಎಂಟನೇ ನಂಬರು, ಐದೂವರೆ. ಏಳು ಯಾರು?"

ಗರಿ ತುಂಬಿ ಮುಳ್ಳುಹಂದಿಯಂತಿದ್ದ ಆ ಗೂಡನ್ನು ನೋಡಿ ತುಮಿನಿ ಬೆಪ್ಪಾಗಿ ನಿಂತಿದ್ದಳು. ಎಲ್ಲರೂ ಅವಳನ್ನು ಮುಂದಕ್ಕೆ ದೂಡಿದರು.

ಪೊನಿಯೆಮ್‌ಗೆ ತಡೆಯಲಾಗಲಿಲ್ಲ. "ಅದು ನಂದು! ಏಳು ನಂದು!"

"ನಿಂದು ಎಂಟು," ಎಂದಳು ಎಂದಾಂಗ್.

"ಬಿಲ್ಲೆ ನಾನೇ ಬದ್ಲಾಯಿಸ್ದೆ. ಕದ್ದೆ, ತಪ್ಪಾಯ್ತು. ಆದ್ರೆ ಗೂಡು ನಂದೇ!"

"ನೋಡಿ ಸಾರ್, ಸೋತ್ಮೇಲೆ ಕತೆ ಕಟ್ತಿದಾಳೆ," ಎಂದಳು ರುಕಾಯಾ. "ಇಪ್ಪತ್ತೆರಡು ವರ್ಷದ ಕೈ. ಇಷ್ಟು ಗರಿ ಬಿಡುತ್ತಾ?"

"ನಂಗೆ ಕಣ್ಣು ಕಾಣಲ್ಲ ಕಣೇ, ನಿಂಗೇ ಗೊತ್ತಲ್ಲ, ಅದಕ್ಕೇ ಬಿಟ್ಟಿದ್ದು!"

"ಬೆಳಿಗ್ಗೆ ತಮಾಷೆ ಅಂದೆ?" ಎಂದಳು ಎಂದಾಂಗ್, ಮಚ್ಚೆ ಸವರಿಕೊಳ್ಳುತ್ತಾ.

"ಸುಳ್ಳು ಹೇಳ್ದೆ! ದೇವ್ರಾಣೆ ಕಾಣಲ್ಲ! ಬೇಕಾದ್ರೆ ಪರೀಕ್ಷೆ ಮಾಡಿ!"

ಹೆಂಡ್ರೋ ಎದುರಿಗೆ ಬಂದು ನಿಂತ. "ಎಷ್ಟು ಬೆರಳು ಹೇಳಿ."

ಪೊನಿಯೆಮ್ ಉರಿಯುವ ಕಣ್ಣನ್ನು ಅರಳಿಸಿ ನೋಡಿದಳು. "ಮೂರು."

"ನಾನಿನ್ನೂ ಕೈ ಎತ್ತಿಲ್ಲ."

ಯಾರೂ ನಗಲಿಲ್ಲ. ಹೆಂಡ್ರೋ ತಲೆಯಾಡಿಸಿದ. "ನಿಜ ಹೇಳ್ತಿದಾರೆ. ಏಳನೇ ನಂಬರಿನ ಗೂಡು ಇವರದ್ದೇ."

ಪೊನಿಯೆಮ್ ಕೈಮುಗಿದಳು. ಒಂದು ಕ್ಷಣ ಅವಳಿಗೆ ಸಾರ್ಮಿನ್‌ನ ಮುಖ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡಿತು.

"ಆದ್ರೆ ಕಣ್ಣು ಕಾಣದೋರನ್ನ ಯಂತ್ರದ ಹತ್ರ ಬಿಡೋಕಾಗಲ್ಲಮ್ಮ," ಎಂದು ಅವನು ಪಟ್ಟಿಯ ಮೇಲೆ ಒಂದು ಗೀಟೆಳೆದ. "ಎಂಟನೇದು ಹಾಗಾದ್ರೆ ಈಯಮ್ಮನದು," ಎಂದು ತುಮಿನಿಯನ್ನು ತೋರಿಸಿ ಇನ್ನೊಂದು ಗೀಟೆಳೆದ. "ಐದೂವರೆ ಗ್ರಾಂ. ಬೇಡ. ಇವೆರಡು ಬಿಟ್ರೆ ಹೆಚ್ಚು ಉಳಿಸಿರೋದು ನಾಲ್ಕನೇ ನಂಬರು. ಯಾರು ಅದು?"

"ನಾನೇ ಸಾರ್," ಎಂದಳು ರುಕಾಯಾ. ಹುಟ್ಟಿದ ಮೇಲೆ ಅವಳು ಎರಡೇ ಮಾತಲ್ಲಿ ಮುಗಿಸಿದ್ದು ಅಂದೇ ಇರಬೇಕು.

ಹೊರಗೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಸಾಲಾಗಿ ಓಡುತ್ತಿದ್ದವು. ಪೊನಿಯೆಮ್ ರಸ್ತೆಯಂಚಿಗೆ ಬಂದು ನಿಂತಳು. ಯಾವ ಸದ್ದು ಹತ್ತಿರ, ಯಾವುದು ದೂರ ಎಂದು ತಿಳಿಯದೆ ಅಲ್ಲೇ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಹಿಂದಿನಿಂದ ಒಂದು ಕೈ ಬಂದು ಅವಳ ರಟ್ಟೆಯನ್ನು ನೋಯುವ ಹಾಗೆ ಹಿಡಿಯಿತು. ಹಿಡಿತದಲ್ಲೇ ತುಮಿನಿ ಎಂದು ಗೊತ್ತಾಯಿತು.

"ಕದ್ದದ್ದಕ್ಕೆ ಬೈಯಲ್ಲ ಕಣೇ," ಎಂದಳು ತುಮಿನಿ. "ಕದ್ದೋಳು ಬಾಯಿ ಮುಚ್ಕೊಂಡಿದ್ರೆ ನಂಗೆ ಕೆಲಸ ಸಿಗ್ತಿತ್ತು. ನಿನ್ ಗಂಡನ್ನೂ ಸೇರಿಸಿ ನಾನು ಸಾಕ್ತಿದ್ದೆ."

ಲಾರಿಗಳ ನಡುವೆ ಸಂದು ಸಿಕ್ಕಿತು. ತುಮಿನಿ ಅವಳನ್ನು ಎಳೆದುಕೊಂಡು ರಸ್ತೆ ದಾಟಿಸಿ, ಆಚೆ ಬದಿಯಲ್ಲಿ ಕೈ ಬಿಟ್ಟು, ಹಿಂತಿರುಗಿ ನೋಡದೆ ಹೊರಟುಹೋದಳು.