‘ಹದ’ದ ತವರು ಹುಡುಕಿದ ತಾತ

ನಿಮ್ಮ ಮನೆಯಲ್ಲೂ ಹೀಗೊಬ್ಬರು ಇದ್ದರಾ? ತುಂಬು ಬಸುರಿ ಹೆಂಡತಿಯನ್ನು ಬಿಟ್ಟು, ಒಂದೇ ಒಂದು ಪದದ ಹಿಂದೆ ಊರೂರು ಅಲೆದವರು? ನಮ್ಮಲ್ಲಿದ್ದರು. ನಮ್ಮಮ್ಮನ ಅಪ್ಪ, ಹೊಳೆನರಸೀಪುರದಲ್ಲಿ ಮೇಷ್ಟ್ರು. ನಲವತ್ತರ ದಶಕದ ಮಾತು. ‘ಹದ’ ಅನ್ನುವ ಪದ ಮೊದಲು ಯಾವ ಕಸುಬಿನವರ ಬಾಯಲ್ಲಿ ಹುಟ್ಟಿತು ಅಂತ ತಿಳಿಯದೆ ಅವರಿಗೆ ಅನ್ನ ಸೇರುತ್ತಿರಲಿಲ್ಲವಂತೆ.

ಅಜ್ಜಿಗೆ ಅದು ಮೂರನೇ ಹೆರಿಗೆ. ಮೊದಲಿನ ಎರಡು ಕೂಸೂ ಉಳಿದಿರಲಿಲ್ಲ.

“ನೋವು ಬಂದಾಗ ಮನೇಲಿರ್ತೀರೋ, ಯಾವನದಾದ್ರೂ ಕುಲುಮೆ ಮುಂದೆ ಕೂತಿರ್ತೀರೋ?”

“ಇದೊಂದ್ ಸಲ ಹೋಗ್ಬಿಟ್ಟು ಬತ್ತೀನಿ ಕಣೆ.”

ಹೊರಟೇಬಿಟ್ಟರು. ಹಳೇಕೋಟೆಯ ರೈತ ಹಿಡಿ ಮಣ್ಣನ್ನು ಉಂಡೆ ಕಟ್ಟಿ ಕೆಳಗೆ ಬಿಟ್ಟ. ಪುಡಿಯಾಯಿತು. “ನಿನ್ನೆ ಅಂಟ್ತಿತ್ತು ಸಾ, ಇವತ್ತು ಉಳಬೌದು. ಇದು ನಮ್ ಪದ. ಉಳೋನಿಗಿಂತ ಮುಂಚೆ ಯಾರಿದ್ರು?” ತಾತ ಒಪ್ಪಿದರು.

ಅರಕಲಗೂಡಿನ ಕಮ್ಮಾರ ನಕ್ಕ. “ಅವನ ನೇಗಿಲಿನ ಗುಳ ಯಾರ್ ಬಡುದ್ರು, ಕೇಳುದ್ರಾ?” ಕುಡುಗೋಲನ್ನು ಕಾಯಿಸಿ, ಅಂಚಿಗೆ ಜೇನಿನ ಬಣ್ಣ ಬಂದ ಗಳಿಗೆಗೆ ನೀರಿಗೆ ಅದ್ದಿದ. ಒಂದುಸಿರು ತಡವಾದರೆ ಬಾಯಿ ಮೆತ್ತಗೆ, ಮೊದಲಾದರೆ ಮುರಿಯುತ್ತದಂತೆ. ಗಡಿಯಾರವಿಲ್ಲ, ಥರ್ಮಾಮೀಟರಿಲ್ಲ, ಬರೀ ಕಣ್ಣು. ತಾತ ಅವನನ್ನೂ ಒಪ್ಪಿದರು. ಎಂಥ ಸಂಶೋಧಕ ನೋಡಿ!

ಹಿರೀಸಾವೆಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಮುದುಕ, ಪಾಕದ ಚೂರನ್ನು ತಣ್ಣೀರಲ್ಲಿ ಉರುಳಿಸಿ ಕೊಪ್ಪರಿಗೆಯ ಅಂಚಿಗೆ ಎಸೆದ. ಟಣ್ ಅಂತು.

“ಕಿವೀಲಿ ನೋಡ್ಬೇಕು ಮೇಷ್ಟ್ರೇ. ಅದಿರ್ಲಿ, ಮನೇಲೆಲ್ಲಾ ಸಂದಾಕವ್ರಾ?”

“ಹೆಂಡ್ತಿಗೆ ದಿನ ತುಂಬಿದೆ.”

“ಮತ್ತೆ ಇಲ್ಯಾಕ್ ಕುಂತಿದ್ದೀರಿ?”

ತಾತ ಒಲೆಯನ್ನೇ ನೋಡುತ್ತಾ ಹೇಳಿದರಂತೆ: “ಅಲ್ಲಿ ಕೂರೋಕೆ ಧೈರ್ಯ ಇಲ್ಲ.”

“ಅವಮ್ಮಂಗೆ ಐತಾ? ಏಳಿ ಮ್ಯಾಕೆ” ಅಂತ ಮುದುಕ ರಟ್ಟೆ ಹಿಡಿದು ಎಬ್ಬಿಸಿ, ಬಸ್ಸಿಗೆ ಹತ್ತಿಸಿಯೇ ಬಿಟ್ಟ.

ಮನೆ ಸೇರುವಷ್ಟರಲ್ಲಿ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಅಂಗೈಯಷ್ಟು, ಅಳುತ್ತಿತ್ತು. ಅಜ್ಜಿಯ ತಾಯಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡಿದ್ದರು. “ಅಳಿಯಂದ್ರೇ, ಒಲೆ ಮುಂದೆ ಬೆಂದು ನನ್ ಕೈಗೆ ಬಿಸಿ ಗೊತ್ತಾಗಲ್ಲ. ಈ ನೀರೊಂಚೂರು ನೋಡಿ.”

ತಾತ ಕೈಯದ್ದಿದರು. ಒಂದು ಚೊಂಬು ತಣ್ಣೀರು ಬೆರೆಸಿದರು. ಮೊಣಕೈ ಅದ್ದಿದರು. ಮತ್ತರ್ಧ ಚೊಂಬು. ಮತ್ತೆ ಅದ್ದಿದರು.

“ಹದವಾಗಿದೆ” ಅಂದರು.

ಊರೆಲ್ಲ ಕೇಳಿಕೊಂಡು ಬಂದ ಮನುಷ್ಯ ಆ ಮಾತನ್ನು ತಾವಾಗಿ ಆಡಿದ್ದು ಅದೇ ಮೊದಲು, ಅನ್ನುತ್ತಿದ್ದರು ಅಜ್ಜಿ. ಆಮೇಲೆ ತಾತ ಎಲ್ಲಿಗೂ ಹೋಗಲಿಲ್ಲ. ಮೂರು ತಿಂಗಳು ದಿನಾ ನೀರು ನೋಡಿದ್ದು ಅವರೇ. ಆ ಕೂಸು ನಮ್ಮಮ್ಮ.

ನಿಮ್ಮನ್ನು ಮೀಯಿಸುವಾಗ ನೀರಿಗೆ ಮೊದಲು ಕೈಯಿಟ್ಟವರು ಯಾರು? ಕೇಳಿ ತಿಳಿದು, ಕೆಳಗೆ ಬರೆಯಿರಿ.